ಚಿತ್ರ ಜಿಜ್ಞಾಸೆ: ದೆವ್ವ ಕಾಣಿಸದ ದೆವ್ವದ ಮನೆ

ಕಪ್ಪು ಬಿಳುಪಿನ ಭಯಚಿತ್ರಗಳಲ್ಲಿ ಹಿರಿಯ ಸ್ಥಾನವಿರುವ ‘ದಿ ಹಾಂಟಿಂಗ್’ (1963) ಕುರಿತು ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಓದುಗರು ಬರೆದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಡಾ. ಮಾರ್ಕ್‌ವೇ ಎಂಬ ಸಂಶೋಧಕ ಎಲೀನರ್, ಥಿಯೋ ಎಂಬ ಇಬ್ಬರು ಹೆಂಗಸರನ್ನೂ ಮನೆಯ ವಾರಸುದಾರನಾಗಲಿರುವ ಲ್ಯೂಕ್ ಎಂಬ ಯುವಕನನ್ನೂ ಜೊತೆಗೂಡಿಸಿಕೊಂಡು, ಅಪಕೀರ್ತಿ ಹೊತ್ತ ಹಿಲ್ ಹೌಸ್ ಎಂಬ ಬಂಗಲೆಯಲ್ಲಿ ತಂಗುವುದು ಚಿತ್ರದ ಕಥೆ. ಉತ್ತರಗಳಲ್ಲಿ ಕಥೆಯ ಕೊನೆಯೂ ಪ್ರಸ್ತಾಪವಾಗುವುದರಿಂದ ಚಿತ್ರ ನೋಡದವರು ನೋಡಿದ ಮೇಲೆ ಮುಂದೆ ಓದುವುದು ಲೇಸು.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಚಿತ್ರ ನೋಡಿದೆವು. ಕೊನೆಯವರೆಗೆ ಕಾದರೂ ದೆವ್ವ ಬರಲೇ ಇಲ್ಲ. ದೆವ್ವವನ್ನು ತೋರಿಸುವ ತಂತ್ರ ಆಗ ಇರಲಿಲ್ಲವೆಂದು ಹೀಗೆ ಮಾಡಿದರೆ? (ಸಿಂಧನೂರಿನ ಓದುಗರು)

ಉತ್ತರ: ತಂತ್ರದ ಕೊರತೆ ಕಾರಣವಲ್ಲ. ಒಂದರ ಮೇಲೊಂದು ಬಿಂಬ ಮೂಡಿಸಿ ಪಾರದರ್ಶಕ ಆಕೃತಿಯನ್ನು ತೋರಿಸುವ ವಿದ್ಯೆ ಮೂಕಿ ಚಿತ್ರಗಳ ಕಾಲದಲ್ಲಿಯೇ ಬಳಕೆಯಲ್ಲಿತ್ತು. ನಿರ್ದೇಶಕ ರಾಬರ್ಟ್ ವೈಸ್ ಇದಕ್ಕೆ ಎರಡು ವರ್ಷ ಮೊದಲು ‘ವೆಸ್ಟ್ ಸೈಡ್ ಸ್ಟೋರಿ’ಯಂಥ ಭಾರಿ ವರ್ಣಚಿತ್ರವನ್ನು ಮಾಡಿ ಗೆದ್ದಿದ್ದವರು, ಬೇಕೆಂದಿದ್ದರೆ ದೆವ್ವವನ್ನು ತೋರಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಆದರೆ 1940ರ ದಶಕದಲ್ಲಿ ಹಾಲಿವುಡ್ಡಿನ ಆರ್‌ಕೆಒ ಚಿತ್ರಸಂಸ್ಥೆಯಲ್ಲಿ ವಾಲ್ ಲ್ಯೂಟನ್ ಎಂಬ ನಿರ್ಮಾಪಕರ ಕೈಕೆಳಗೆ ಕಡಿಮೆ ಖರ್ಚಿನ ಭಯಚಿತ್ರಗಳನ್ನು ನಿರ್ದೇಶಿಸುತ್ತಲೇ ಕಸುಬು ಕಲಿತ ವೈಸ್, ಕಾಣದಿರುವುದನ್ನು ನೋಡುಗನ ಮನಸ್ಸೇ ತುಂಬಿಕೊಳ್ಳಲಿ ಎಂಬ ಆ ಗುರುವಿನ ಪಾಠವನ್ನು ಇಲ್ಲಿ ಪೂರ್ತಿಯಾಗಿ ಆಚರಣೆಗೆ ತಂದರು.

ಮೊದಲ ರಾತ್ರಿಯ ದೃಶ್ಯವನ್ನು ದಯವಿಟ್ಟು ಮತ್ತೊಮ್ಮೆ, ಕೋಣೆಯಲ್ಲಿ ಬೇರೆ ಸದ್ದಿಲ್ಲದಂತೆ ನೋಡಿಕೊಂಡು ನೋಡಿ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿ ಹಾಸಿಗೆಯ ಮೇಲೆ ಕುಳಿತಿದ್ದಾರೆ; ಹೊರಗಿನ ಓಣಿಯಲ್ಲಿ ಗೋಡೆಗೆ ಗುದ್ದುವ ಸದ್ದು ದೂರದಿಂದ ಹತ್ತಿರಕ್ಕೆ ಬರುತ್ತದೆ, ಅವರ ಬಾಗಿಲ ಮುಂದೆ ನಿಲ್ಲುತ್ತದೆ. ಅಷ್ಟೇ ನಡೆಯುವುದು. ಆ ಸದ್ದುಗಳನ್ನು ಮುಂಚಿತವಾಗಿಯೇ ಧ್ವನಿಮುದ್ರಿಸಿ ಚಿತ್ರೀಕರಣದ ವೇಳೆಯಲ್ಲಿ ಕೇಳಿಸುತ್ತಿದ್ದುದರಿಂದ, ಎಲೀನರ್ ಮತ್ತು ಥಿಯೋ ಪಾತ್ರಗಳ ನಟಿಯರಾದ ಜೂಲಿ ಹ್ಯಾರಿಸ್ ಮತ್ತು ಕ್ಲೇರ್ ಬ್ಲೂಮ್ ನಿಜವಾಗಿ ಕೇಳಿದ್ದಕ್ಕೇ ಬೆಚ್ಚುತ್ತಿದ್ದಾರೆ. ಮುಂದೊಮ್ಮೆ ಬಾಗಿಲೇ ಉಸಿರಾಡುವಂತೆ ಒಳಕ್ಕೆ ಉಬ್ಬುತ್ತದೆಯಲ್ಲ, ಅದು ಪದರ ಪದರವಾಗಿ ಅಂಟಿಸಿದ ಮರದ ಬಾಗಿಲನ್ನು ಹಿಂದಿನಿಂದ ಒಬ್ಬ ಕೆಲಸಗಾರ ಒತ್ತಿ ಮಾಡಿದ್ದು. ಇದೇ ಕಥೆಯನ್ನು 1999ರಲ್ಲಿ ಬಣ್ಣದಲ್ಲಿ ಮತ್ತೆ ಚಿತ್ರಿಸಿದಾಗ ಗಣಕಯಂತ್ರದ ನೆರವಿನಿಂದ ದೆವ್ವಗಳನ್ನು ಧಾರಾಳವಾಗಿ ತೋರಿಸಿದರು. ಎರಡನ್ನೂ ನೋಡಿದವರಿಗೆ ಯಾವುದು ನೆನಪಿನಲ್ಲಿ ನಿಂತಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಪ್ರಶ್ನೆ: ನಮ್ಮೂರಿನ ಹಳೆಯ ವಾಡೆಯಲ್ಲಿ ಕಪ್ಪು ಬಿಳುಪಿನ ಕಿರುಚಿತ್ರ ಮಾಡುವ ಆಸೆಯಿದೆ. ಈ ಚಿತ್ರದ ಛಾಯಾಗ್ರಹಣದಿಂದ ಏನು ಕಲಿಯಬಹುದು? (ಗಂಗಾವತಿಯ ಓದುಗರು)

ಉತ್ತರ: ಮೊದಲು ಗಮನಿಸಬೇಕಾದುದು, ಹಿಲ್ ಹೌಸ್ ಒಳಗೆ ಕತ್ತಲೆ ಕಡಿಮೆ. ಕೋಣೆಗಳನ್ನು ಚೆನ್ನಾಗಿ ಬೆಳಗಿಸಿ, ಕತ್ತಲ ಮೂಲೆಗಳನ್ನು ಬಿಡದೆ, ತುಂಬ ಕುಸುರಿ ಅಲಂಕಾರದೊಂದಿಗೆ ಕಟ್ಟಿದ್ದರು. ಸಾಮಾನ್ಯವಾಗಿ ಸ್ಟುಡಿಯೋ ಸೆಟ್ಟುಗಳಿಗೆ ಮೇಲ್ಛಾವಣಿ ಇರುವುದಿಲ್ಲ. ಇಲ್ಲಿ ಎಲ್ಲ ಕೋಣೆಗಳಿಗೂ ಛಾವಣಿ ಹಾಕಿಸಿದ್ದರಿಂದ ಪಾತ್ರಗಳು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಂತೆ ಕಾಣುತ್ತಾರೆ. ಮಸೂರದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಪ್ಯಾನಾವಿಷನ್ ಸಂಸ್ಥೆಯಲ್ಲಿ 30 ಮಿಲಿಮೀಟರಿನ ಅಗಲನೋಟದ ಮಸೂರವೊಂದು ತಯಾರಾಗುತ್ತಿತ್ತು. ಅದು ಬಿಂಬವನ್ನು ಸೊಟ್ಟಗೊಳಿಸುತ್ತದೆ, ಇನ್ನೂ ಬಳಕೆಗೆ ಯೋಗ್ಯವಲ್ಲ ಎಂದು ಸಂಸ್ಥೆ ಹೇಳಿದಾಗ, ದೋಷವಿರುವುದು ತಮಗೆ ಗೊತ್ತಿದೆಯೆಂದು ವೈಸ್ ಬರಹದಲ್ಲಿ ಒಪ್ಪಿಕೊಟ್ಟು ಅದನ್ನೇ ಪಡೆದರು. ಮನೆಯ ಗೋಡೆ, ಕಂಬಗಳು ಎಲ್ಲಿಯೋ ಸರಿಯಿಲ್ಲವೆಂದು ನಮಗೆ ಅನ್ನಿಸುತ್ತಲೇ ಇರುವುದಕ್ಕೆ ಆ ಸೊಟ್ಟು ನೋಟವೂ ಒಂದು ಕಾರಣ. ಮನೆಯ ಹೊರನೋಟವನ್ನು ಅವಗೆಂಪು (ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನು ಹಿಡಿಯುವ) ಫಿಲ್ಮಿನಲ್ಲಿ ಸೆರೆಹಿಡಿದು ಆಕಾಶವನ್ನು ಕಪ್ಪಾಗಿಸಿ, ಕಲ್ಲಿನ ಒರಟುತನವನ್ನು ಎತ್ತಿ ತೋರಿಸಿದರು.

ನಿಮಗೆ ಅವಗೆಂಪು ಫಿಲ್ಮು ಬೇಕಾಗಿಲ್ಲ. ಕ್ಯಾಮೆರಾಕ್ಕೆ ಕೆಂಪು ಗಾಜಿನ ಫಿಲ್ಟರ್ ಹಾಕಿ, ಬೇಸಿಗೆಯ ನಮ್ಮ ಮೋಡವಿಲ್ಲದ ನೀಲಿ ಆಕಾಶವನ್ನು ಕಪ್ಪು ಬಿಳುಪಿನಲ್ಲಿ ಹಿಡಿದರೆ ಅದು ಗಾಢವಾಗಿ ಕಪ್ಪಾಗುತ್ತದೆ, ಬಿಸಿಲಿಗೆ ಬಿದ್ದ ಗೋಡೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ನಮ್ಮ ಭಾಗದ ವಾಡೆಗಳಲ್ಲಿ ಛಾವಣಿ ಹೇಗೂ ಇದೆ: ತೊಲೆ, ಜಂತೆಗಳ ಕೆಳಗೆ ಕ್ಯಾಮೆರಾವನ್ನು ತಗ್ಗಿಸಿಟ್ಟು ಮೇಲಕ್ಕೆ ನೋಡಿದರೆ ಸಾಕು. ಬೆಳಕಿಂಡಿಯಿಂದ ಪಡಸಾಲೆಗೆ ಬೀಳುವ ಬಿಸಿಲಿನ ಕೋಲು ಹೊತ್ತಿಗೆ ತಕ್ಕಂತೆ ಸರಿಯುವುದರಿಂದ, ಆ ಜಾಗದ ದೃಶ್ಯಗಳನ್ನು ದಿನದ ಒಂದೇ ವೇಳೆಗೆ ಚಿತ್ರಿಸಿ. ಸದ್ದಿಗೂ ಚಿತ್ರಕ್ಕೆ ಕೊಟ್ಟಷ್ಟೇ ಸಮಯ ಕೊಡಿ. ಮನೆಯವರ ಒಪ್ಪಿಗೆ ಪಡೆಯುವಾಗ, ಆ ಮನೆಯ ನಿಜವಾದ ಹೆಸರನ್ನಾಗಲಿ ಮನೆತನವನ್ನಾಗಲಿ ಚಿತ್ರದಲ್ಲಿ ಬಳಸುವುದಿಲ್ಲವೆಂದು ಮಾತು ಕೊಡಿ. ದೆವ್ವದ ಮನೆಯೆಂಬ ಹೆಸರು ಒಮ್ಮೆ ಅಂಟಿದರೆ ಅಲ್ಲಿ ಬಾಳುವವರಿಗೆ ಬಾಡಿಗೆದಾರರೂ ಸಿಗುವುದಿಲ್ಲ, ಬೀಗರೂ ಸಿಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ನಿಜಕ್ಕೂ ದೆವ್ವವಿತ್ತೆ, ಅಥವಾ ಎಲ್ಲವೂ ಎಲೀನರಳ ಮನೋರೋಗವೆ? (ಕೊಪ್ಪಳದ ಓದುಗರು)

ಉತ್ತರ: ಚಿತ್ರಕಥೆ ಬರೆದ ನೆಲ್ಸನ್ ಗಿಡಿಂಗ್ ಅವರಿಗೂ ಇದೇ ಅನುಮಾನ ಬಂದಿತ್ತು. ಇಡೀ ಕಥೆ ಒಬ್ಬ ಹೆಂಗಸಿನ ಮನಸ್ಸು ಕುಸಿಯುವ ಕಥೆಯಿರಬಹುದೆಂದು ಅವರು ಮೂಲ ಕಾದಂಬರಿಯ (1959) ಲೇಖಕಿ ಶರ್ಲಿ ಜಾಕ್ಸನ್ ಅವರನ್ನು ಕಂಡು ಕೇಳಿದಾಗ, ವಿಚಾರ ಚೆನ್ನಾಗಿದೆ, ಆದರೆ ತಾವು ಬರೆದದ್ದು ಅಲೌಕಿಕದ ಕಥೆಯೇ ಎಂದು ಆಕೆ ತಿಳಿಸಿದರು. ಹಾಗಿದ್ದರೂ ಗಿಡಿಂಗ್ ಅವರ ಅನುಮಾನ ಚಿತ್ರದಲ್ಲಿ ಉಳಿದುಕೊಂಡಿದೆ, ಮತ್ತು ಚಿತ್ರದ ಬಲ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಎಲೀನರ್ ಹಾಸಿಗೆ ಹಿಡಿದ ತಾಯಿಯ ಚಾಕರಿಯಲ್ಲಿ ತನ್ನ ಪ್ರಾಯವನ್ನೆಲ್ಲ ಕಳೆದವಳು, ತಾಯಿ ಸತ್ತ ಮೇಲೆ ಅಕ್ಕನ ಮನೆಯಲ್ಲಿ ತನ್ನದೊಂದು ಕೋಣೆಯೂ ಇಲ್ಲದೆ ಬದುಕುತ್ತಿರುವವಳು. ತಾಯಿ ಏನಾದರೂ ಬೇಕಾದಾಗ ಗೋಡೆ ಬಡಿದು ಕರೆಯುತ್ತಿದ್ದಳು. ಆದ್ದರಿಂದಲೇ ಹಿಲ್ ಹೌಸಿನಲ್ಲಿ ಗೋಡೆ ಬಡಿಯುವ ಸದ್ದು ಕೇಳಿದ ಕೂಡಲೆ ಅವಳು ನಿದ್ದೆಗಣ್ಣಿನಲ್ಲಿ ಅಮ್ಮನಿಗೆ ಓಗೊಡುತ್ತಾಳೆ. ಆದರೆ ಅದೇ ಸದ್ದನ್ನು ಥಿಯೋ ಕೂಡ ಕೇಳುತ್ತಾಳೆ ಎಂಬುದನ್ನು ಮರೆಯಬಾರದು. ಕೇವಲ ಮನೋರೋಗವೆಂದರೆ ಲೆಕ್ಕ ಹೊಂದುವುದಿಲ್ಲ. ಎಲೀನರ್ ಚಿಕ್ಕವಳಿದ್ದಾಗ ಅವಳ ಮನೆಯ ಮೇಲೆ ಕಲ್ಲುಗಳ ಮಳೆ ಸುರಿದಿತ್ತೆಂದೂ ತಾಯಿ ಅದನ್ನು ನೆರೆಹೊರೆಯವರ ಮೇಲೆ ಹಾಕಿದ್ದಳೆಂದೂ ಚಿತ್ರದಲ್ಲಿ ಬರುತ್ತದೆ. ಭಾನಾಮತಿಯ ಸುದ್ದಿಗಳನ್ನು ಕೇಳುತ್ತಲೇ ಬೆಳೆದ ನಮ್ಮ ಜಿಲ್ಲೆಗಳ ಓದುಗರಿಗೆ ಈ ಮಾತಿನ ಹಿಂದಿನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ: ಮನೆಯ ಮೇಲೆ ಕಲ್ಲು ಬಿದ್ದಿತೆಂದರೆ ಮಂದಿಯ ಕಣ್ಣು ಮೊದಲು ಆ ಮನೆಯ ಮೂಕವಾದ ಹೆಣ್ಣುಮಗಳ ಮೇಲೆ ಹೋಗುತ್ತದೆ, ಅವಳ ದುಃಖವೇನೆಂದು ಕೇಳುವವರು ಮಾತ್ರ ಇರುವುದಿಲ್ಲ. ಎಲ್ಲಿಯೂ ಬೇಡವಾದ ಎಲೀನರಳನ್ನು ಬೇಕೆಂದದ್ದು ಆ ಮನೆಯೊಂದೇ. ಅವಳನ್ನು ಬಲವಂತವಾಗಿ ಹೊರಗೆ ಕಳುಹಿಸಿದಾಗ ಕಾರು ಮರಕ್ಕೆ ಬಡಿದು ಅವಳು ಸಾಯುತ್ತಾಳೆ. ಚಿತ್ರದ ಆರಂಭದಲ್ಲಿ ಡಾ. ಮಾರ್ಕ್‌ವೇ ಧ್ವನಿಯಲ್ಲಿ ಕೇಳಿದ್ದ ಮನೆಯ ವರ್ಣನೆ ಕೊನೆಯಲ್ಲಿ ಅವಳ ಧ್ವನಿಯಲ್ಲಿ, ಆ ಮನೆಯವಳೊಬ್ಬಳ ಮಾತಾಗಿ ಕೇಳಿಬರುತ್ತದೆ. ಹೀಗಾಗಿ ದೆವ್ವವೆ, ರೋಗವೆ ಎಂದು ಒಂದನ್ನು ಆರಿಸಿಕೊಳ್ಳುವಂತೆ ಚಿತ್ರ ನಮ್ಮನ್ನು ಒತ್ತಾಯಿಸುವುದಿಲ್ಲ.

ಪ್ರಶ್ನೆ: ಆ ಮನೆ ಎಲ್ಲಿದೆ? ಚಿತ್ರದ ಬಣ್ಣದ ಪ್ರತಿ ಸಿಗುತ್ತದೆಯೆ? (ಬಳ್ಳಾರಿಯ ಓದುಗರು)

ಉತ್ತರ: ಕಥೆ ಅಮೆರಿಕದಲ್ಲಿ ನಡೆಯುವುದಾದರೂ ಹೊರನೋಟಕ್ಕೆ ಬಳಸಿದ್ದು ಇಂಗ್ಲೆಂಡಿನ ವಾರ್ವಿಕ್‌ಷೈರ್‌ನಲ್ಲಿರುವ ಎಟಿಂಗ್ಟನ್ ಪಾರ್ಕ್ ಎಂಬ ಬಂಗಲೆ, ಒಳಾಂಗಣವೆಲ್ಲ ಬೋರ್‌ಹ್ಯಾಮ್‌ವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಕಟ್ಟಿದ್ದು. ಬಂಗಲೆ ನಂತರ ಹೋಟೆಲ್ ಆಯಿತು. ಚಿತ್ರ ಕಪ್ಪು ಬಿಳುಪಿನಲ್ಲಿಯೇ ಇರತಕ್ಕದ್ದೆಂದು ವೈಸ್ ಕರಾರಿನಲ್ಲಿ ಬರೆಸಿಕೊಂಡಿದ್ದರು. ಮುಂದೆ ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಗೀಳು ಹಬ್ಬಿದಾಗ ಅದೇ ಕರಾರನ್ನು ಮುಂದಿಟ್ಟು ತಮ್ಮ ಚಿತ್ರವನ್ನು ಅದರಿಂದ ಉಳಿಸಿಕೊಂಡರು. ಆದ್ದರಿಂದ ಬಣ್ಣದ ಪ್ರತಿಯನ್ನು ಹುಡುಕಬೇಡಿ. ಅದಕ್ಕೆ ಬದಲು ಅಗಲ ಪರದೆಯ ಪೂರ್ಣ ಚೌಕಟ್ಟಿರುವ ಪ್ರತಿಯನ್ನು ಹುಡುಕಿ, ಏಕೆಂದರೆ ಟಿವಿಗೆಂದು ಅಕ್ಕಪಕ್ಕ ಕತ್ತರಿಸಿದ ಪ್ರತಿಯಲ್ಲಿ ಆ ಸೊಟ್ಟು ಗೋಡೆಗಳು ಅರ್ಧಕ್ಕರ್ಧ ಕಾಣದೆ ಹೋಗುತ್ತವೆ.