ಕೀಮೋ ನಡೆಯುವಾಗ ತಾಯಿಯ ತೂಕ ಇಳಿಯುತ್ತಿದೆ, ಯಾವ ಪ್ರೋಟೀನ್ ಪುಡಿ ಕೊಡಬೇಕು?

ಹೊಟ್ಟೆಯ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿರುವ ತಾಯಿಯವರು ಏಳು ಕಿಲೋ ಇಳಿದಿದ್ದಾರೆ, ಸಕ್ಕರೆ ನಿಲ್ಲಿಸಿದ್ದೇವೆ, ಯಾವ ಪುಡಿ ಒಳ್ಳೆಯದು ಎಂದು ಕೇಳಿದ್ದೀರಿ. ಪುಡಿಯ ಹೆಸರನ್ನು ನಾನು ಹೇಳುವುದಿಲ್ಲ. ಸಕ್ಕರೆ ನಿಲ್ಲಿಸಿದ ಮಾತೇ ನನಗೆ ಹೆಚ್ಚು ಆತಂಕ ತಂದಿತು.

ನಮ್ಮ ತಂದೆಯವರಿಗೆ ಅನ್ನನಾಳದ ಕ್ಯಾನ್ಸರ್ ಆಗಿತ್ತು. ಮೊದಲು ಮುದ್ದೆ ಇಳಿಯದಾಯಿತು, ಆಮೇಲೆ ಅನ್ನ. ಅದೇ ಹೊತ್ತಿಗೆ ವಾಟ್ಸಾಪಿನ ಸಂದೇಶಗಳನ್ನೂ ನೆಂಟರ ಮಾತನ್ನೂ ನಂಬಿ, ಸಕ್ಕರೆಯಿಂದ ಗೆಡ್ಡೆ ಬೆಳೆಯುತ್ತದೆ, ಹಾಲಿನಿಂದ ಕಫವಾಗುತ್ತದೆ, ತುಪ್ಪ ಅರಗುವುದಿಲ್ಲ ಎಂದು ಮೂರನ್ನೂ ಬಿಡಿಸಿದೆವು. ಉಳಿದದ್ದು ತಿಳಿಗಂಜಿ ಮತ್ತು ಎಳನೀರು. ಅವರು ಲೋಟ ಖಾಲಿ ಮಾಡಿದಾಗಲೆಲ್ಲ ನಮಗೆ ಸಮಾಧಾನ, ಆದರೆ ಹೊಟ್ಟೆ ತುಂಬುತ್ತಿದ್ದುದು ನೀರಿನಿಂದ. ಆಸ್ಪತ್ರೆಯ ಡಯಟೀಷಿಯನ್ ನಮ್ಮ ಫ್ಲಾಸ್ಕಿನ ಗಂಜಿಯನ್ನು ಚಮಚದಲ್ಲಿ ಎತ್ತಿ ಸುರಿದು, "ಇದರಲ್ಲಿ ಅಕ್ಕಿ ಎಲ್ಲಿದೆ ತೋರಿಸಿ" ಎಂದು ಕೇಳಿದರು. ಅಷ್ಟರಲ್ಲಿ ತಂದೆಯವರು ಎದ್ದು ಕೂರಲಾರದಷ್ಟು ನಿತ್ರಾಣರಾಗಿದ್ದರು, ಮುಂದಿನ ಕೀಮೋವನ್ನು ವೈದ್ಯರು ಮುಂದೂಡಿದರು. ತಿನ್ನುವ ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬೀಳುವುದಿಲ್ಲ. ಊಟ ಸಾಲದಿದ್ದರೆ ದೇಹ ಸ್ನಾಯುವನ್ನೇ ಕರಗಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಉಪವಾಸ ಬೀಳುವವರು ರೋಗಿ ಮಾತ್ರ.

ಕ್ಯಾನ್ಸರ್ ರೋಗಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 25ರಿಂದ 30 ಕ್ಯಾಲರಿ ಮತ್ತು 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 1250ರಿಂದ 1500 ಕ್ಯಾಲರಿ ಎಂದಾಯಿತು. ಒಂದೆರಡು ಚಮಚ ಪುಡಿಯಿಂದ ಅದು ತುಂಬುವುದಿಲ್ಲ. ನಾವು ಕೊನೆಗೆ ಗಂಜಿಯನ್ನೇ ಗಟ್ಟಿಯಾಗಿ ಬೇಯಿಸಿ, ಹುರಿಗಡಲೆ ಹಿಟ್ಟು ಕದಡಿ, ತುಪ್ಪ ಬೆರೆಸಿ, ಎರಡು ಗಂಟೆಗೊಮ್ಮೆ ಅರ್ಧ ಲೋಟದಂತೆ ಕೊಟ್ಟೆವು. ಗಟ್ಟಿ ಮೊಸರು, ಮೊಟ್ಟೆ, ಹಾಲಿನ ಪುಡಿ ಬೆರೆಸಿದ ರಾಗಿ ಮಾಲ್ಟ್ ಇವೂ ನಡೆದವು. ತಾಯಿಯವರಿಗೆ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಲೆಕ್ಕ ಬೇರೆ, ಡಯಟೀಷಿಯನ್ ಅವರನ್ನು ಕೇಳಿಯೇ ಮಾಡಿ.

ಆದರೆ ಅದಕ್ಕೂ ಮೊದಲು ಅವರು ಏಕೆ ಉಣ್ಣುತ್ತಿಲ್ಲ ಎಂಬುದನ್ನು ನೋಡಬೇಕು. ವಾಕರಿಕೆ, ಬಾಯಿಹುಣ್ಣು, ಮಲಬದ್ಧತೆ, ನೋವು, ಇವೆಲ್ಲಕ್ಕೂ ಔಷಧವಿದೆ. ಮಲಬದ್ಧತೆಯ ವಿಷಯವನ್ನು ಹಿರಿಯರು ಸಂಕೋಚದಿಂದ ಹೇಳುವುದೇ ಇಲ್ಲ. ತಟ್ಟೆ ಹಿಡಿದು ಬಲವಂತ ಮಾಡುವುದನ್ನು ದಯವಿಟ್ಟು ಬಿಡಿ. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಹೋಗಿದ್ದರೆ ಅದು ಕ್ಯಾಕೆಕ್ಸಿಯಾ ಎಂಬ ಸ್ಥಿತಿ ಇರಬಹುದು; ಅದರಲ್ಲಿ ರೋಗದ ಉರಿಯೂತವೇ ಹಸಿವನ್ನು ಅಡಗಿಸಿ ಸ್ನಾಯುವನ್ನು ಸವೆಸುತ್ತದೆ, ಹಟ ಮಾಡಿ ಉಣಿಸಿದರೂ ಪೂರ್ತಿ ಮರಳುವುದಿಲ್ಲ.

ಪುಡಿಯ ಬದಲು ನಿಮ್ಮ ಕ್ಯಾನ್ಸರ್ ವೈದ್ಯರ ಬಳಿ, ಹಸಿವು ಹೆಚ್ಚಿಸಬಲ್ಲ ಒಲಾಂಜಪೈನ್ ಎಂಬ ಮಾತ್ರೆಯ ಬಗ್ಗೆ ಕೇಳಿ. ಪುದುಚೇರಿಯ ಜಿಪ್ಮರ್ ಆಸ್ಪತ್ರೆಯ ವೈದ್ಯರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಟ್ಟೆಯ ಕ್ಯಾನ್ಸರ್ ಸೇರಿದಂತೆ ಕೆಲವು ಕ್ಯಾನ್ಸರ್‌ಗಳಿಗೆ ಕೀಮೋ ಪಡೆಯುವವರಿಗೆ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟಾಗ, ಶೇ 60ರಷ್ಟು ಮಂದಿಯ ತೂಕ ಶೇ 5ಕ್ಕಿಂತ ಹೆಚ್ಚು ಏರಿತು. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಹಾಗಾದದ್ದು ಶೇ 9ರಷ್ಟು ಮಂದಿಗೆ. ಮೂಲತಃ ಇದು ಮನೋರೋಗದ ಮಾತ್ರೆ, ತೂಕಡಿಕೆ ತರುತ್ತದೆ, ರಕ್ತದ ಸಕ್ಕರೆಯನ್ನೂ ಏರಿಸಬಹುದು. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ತರಬೇಡಿ.