ಶನಿವಾರ ಆ ಎಂಜಿನ್ ಇಳಿಸಬೇಡಿ, ಮೊದಲು ಸರ್ಟಿಫಿಕೇಟ್ ತರಿಸಿ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು), 1965ರಲ್ಲಿ ರಿಜಿಸ್ಟರ್ ಆದದ್ದು ಅನ್ನುವ ಸಿ ನಂಬರ್ ಪ್ಲೇಟ್, ಲಾಗ್‌ಬುಕ್ಕಿನಲ್ಲಿ 1965ರ ಫೆಬ್ರವರಿ, ಎಂಜಿನ್ ಬ್ಲಾಕ್ ಮೇಲೆ 18ಜಿಎ, ಅಂದರೆ ಕ್ರ್ಯಾಂಕ್‌ಶಾಫ್ಟಿಗೆ ಮೂರೇ ಬೇರಿಂಗ್ ಇರುವ ಹಳೇ ಎಂಜಿನ್. "1965ರ ಕಾರಿಗೆ ಐದು ಬೇರಿಂಗಿನ 18ಜಿಬಿ ಇರಬೇಕಿತ್ತು, ಯಾರೋ ಹಳೇ ಎಂಜಿನ್ ಕೂರಿಸಿದ್ದಾರೆ, ಶನಿವಾರ ಇಳಿಸಿ ಸರಿಯಾದದ್ದು ಹಾಕ್ತೀನಿ" ಅಂತ ಬರೆದಿದ್ದೀರಿ. ದಯವಿಟ್ಟು ಇಳಿಸಬೇಡಿ. ಹನ್ನೊಂದು ವರ್ಷದ ಹಿಂದೆ ಇದೇ ಲೆಕ್ಕ ಹಾಕಿ ನಾನೂ ಸ್ಪ್ಯಾನರ್ ಹಿಡಿದಿದ್ದೆ.

ಲಾಗ್‌ಬುಕ್ಕಿನಲ್ಲಿರುವುದು ಕಾರು ರಿಜಿಸ್ಟರ್ ಆದ ದಿನ. ಎಂಜಿಯ ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ ತಯಾರಾದ ದಿನ ಅಲ್ಲ. ಈ ಬ್ರಿಟನ್ ದೇಶದ ಚಳಿಯಲ್ಲಿ ಟಾಪ್ ಇಲ್ಲದ ಕಾರನ್ನು ಯಾರು ಆತುರವಾಗಿ ಕೊಳ್ಳುತ್ತಾರೆ ಹೇಳಿ? ಶೋರೂಮಿನಲ್ಲೇ ತಿಂಗಳುಗಟ್ಟಲೆ ನಿಂತಿರಬಹುದು. ಐದು ಬೇರಿಂಗಿನ ಎಂಜಿನ್ ಬಂದದ್ದು 1964ರ ಅಕ್ಟೋಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ತಯಾರಾದ ಕಾರು ಫೆಬ್ರವರಿಯಲ್ಲಿ ಮಾರಾಟವಾಗಿದ್ದರೆ ಅದಕ್ಕೆ ಸಿ ಪ್ಲೇಟೂ ಸರಿ, 18ಜಿಎ ಕೂಡ ಸರಿ.

ನನ್ನದು 1965ರ ಮಾರ್ಚ್ ರಿಜಿಸ್ಟ್ರೇಷನ್. 18ಜಿಎ ಇಳಿಸಿ ಗುಜರಿಗೆ ಹಾಕಿದೆ. 18ಜಿಬಿ ಕೂರಿಸಲು ಹೋದರೆ ಮೊದಲು ಸ್ಪಿಗಾಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಎಂಜಿನ್ನಿನಲ್ಲಿ ಕೂರುವ ಬುಷ್) ಅಳತೆ ಹೊಂದಲಿಲ್ಲ. ಬೇರೆ ಬುಷ್ ತರಿಸಿದೆ. ಆಮೇಲೆ ರೆವ್ ಕೌಂಟರ್ (ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಮೀಟರ್) ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಮೂರು ಬೇರಿಂಗಿನ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಹಿಂಭಾಗದಿಂದ ಆ ಕೇಬಲ್ಲಿಗೆ ಡ್ರೈವ್ ಬರುತ್ತದೆ. ಐದು ಬೇರಿಂಗ್ ಜೊತೆಗೆ ಎಲೆಕ್ಟ್ರಾನಿಕ್ ರೆವ್ ಕೌಂಟರ್ ಬಂತು, ಆ ಡ್ರೈವ್ ಹೋಯಿತು. ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ಗೇರ್‌ಬಾಕ್ಸೂ ಮೀಟರೂ ಎರಡೂ ಹಳೇ ಎಂಜಿನ್ನಿಗೇ ಹೊಂದುತ್ತವೆ ಅಂದರೆ ಕಾರು ಹುಟ್ಟಿದ್ದೇ ಹಾಗೆ ಅಂತ ಅರ್ಥ, ಅಲ್ವಾ? ನಾನು ಮೀಟರನ್ನೂ ಬದಲಾಯಿಸಿದೆ. ನಾಲ್ಕು ತಿಂಗಳ ನಂತರ ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿನಿಂದ ಹೆರಿಟೇಜ್ ಸರ್ಟಿಫಿಕೇಟ್ ಬಂತು, ಫ್ಯಾಕ್ಟರಿ ದಾಖಲೆ ನೋಡಿ ಕೊಡುವಂಥದ್ದು. ಕಾರು ತಯಾರಾದದ್ದು 1964ರ ಆಗಸ್ಟ್. ಎಂಜಿನ್ ನಂಬರ್ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದೇ, ನಾನು ಗುಜರಿಗೆ ಹಾಕಿದ್ದೇ. ಅವತ್ತೇ ಓಡಿದೆ. ಬ್ಲಾಕ್ ಆಗಲೇ ಕರಗಿ ಹೋಗಿತ್ತು. ಐವತ್ತು ವರ್ಷ ಒಟ್ಟಿಗೆ ಇದ್ದದ್ದನ್ನು ಒಂದು ಶನಿವಾರ ನಾನು ಬೇರೆ ಮಾಡಿದೆ. ಇವತ್ತಿಗೂ ಬಾನೆಟ್ ಎತ್ತಿದರೆ ನೋವಾಗುತ್ತದೆ.

ಅದಕ್ಕೇ ಹೇಳುವುದು, ಮೊದಲು ಚಾಸಿಸ್ ನಂಬರ್ ಕೊಟ್ಟು ಸರ್ಟಿಫಿಕೇಟ್ ತರಿಸಿ. ತಯಾರಾದ ದಿನ, ಎಂಜಿನ್ ನಂಬರ್, ಬಾಡಿ ನಂಬರ್, ಬಣ್ಣ, ಟ್ರಿಮ್, ಎಲ್ಲಿಗೆ ಕಳಿಸಿದರು ಎಲ್ಲವೂ ಸಿಗುತ್ತದೆ. ಅದು ಬರುವವರೆಗೆ ಕೈ ಸುಮ್ಮನಿರದಿದ್ದರೆ ಲೂಕಾಸ್ ಕಂಪನಿಯ ಎಲೆಕ್ಟ್ರಿಕಲ್ ಭಾಗಗಳ ಮೇಲಿನ ಮುದ್ರೆಗಳನ್ನು ಹುಡುಕಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಈ ದಾರಿಯ ಮೇಲೆ. ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್, ವೈಪರ್ ಮೋಟರ್ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, "7 64" ಅನ್ನುವ ಹಾಗೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ವೈರ್ ಬ್ರಷ್ ಮುಟ್ಟಲೇಬೇಡಿ, ಮುದ್ರೆ ಸವೆದು ಹೋಗುತ್ತದೆ. ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಂಕಿ ಎದ್ದು ಕಾಣುತ್ತದೆ.

ಆದರೆ ಒಂದೇ ಮುದ್ರೆ ನೋಡಿ ತೀರ್ಮಾನಕ್ಕೆ ಬರಬೇಡಿ. ಡೈನಮೋ ಯಾವಾಗಲೋ ಬದಲಾಗಿರಬಹುದು. ಮೂರು ನಾಲ್ಕು ಮುದ್ರೆಗಳು ಒಂದೇ ಕಾಲದವಾದರೆ ಕಾರು ಅದಾಗಿ ಕೆಲವು ವಾರಕ್ಕೋ ತಿಂಗಳಿಗೋ ತಯಾರಾಗಿದೆ ಅಂತ ಇಟ್ಟುಕೊಳ್ಳಬಹುದು. ಬ್ಲಾಕ್ ಮೇಲೆ 48ಜಿ ಅಂತ ಶುರುವಾಗುವ ತಗಡು ಇದ್ದರೆ ಅದು ಎಂಜಿಯ ಒಡೆಯ ಕಂಪನಿ ಬಿಎಂಸಿಯ ಗೋಲ್ಡ್ ಸೀಲ್ ಎಕ್ಸ್‌ಚೇಂಜ್ ಎಂಜಿನ್, ಹಳೇದು ಕೊಟ್ಟು ತರುತ್ತಿದ್ದ ರೀಕಂಡಿಷನ್ ಎಂಜಿನ್. ಅದು ನಕಲಿಯಲ್ಲ, ಕಾರಿನ ಚರಿತ್ರೆಯೇ. ಬಾಡಿಯನ್ನೂ ನೋಡಿಕೊಳ್ಳಿ. ಬ್ರಿಟಿಷ್ ಮೋಟರ್ ಹೆರಿಟೇಜ್ 1988ರಿಂದ ಹೊಸ ಎಂಜಿಬಿ ಬಾಡಿ ಶೆಲ್ ಮಾಡಿತು. ಶೆಲ್ ಚೆನ್ನಾಗಿಯೇ ಇದೆ, ಆದರೆ ಅಂಥ ಕಾರಿನಲ್ಲಿ ಹಳೇ ಬಾಡಿ ನಂಬರ್ ಹುಡುಕಿ ಪ್ರಯೋಜನ ಇಲ್ಲ.

ಇನ್ನು ಡೋರ್ ಹ್ಯಾಂಡಲ್. ಎಳೆಯುವ ಹ್ಯಾಂಡಲ್ ತಪ್ಪು ಅಂದುಕೊಂಡು ಪುಶ್ ಬಟನ್ ಸೆಟ್ ಆರ್ಡರ್ ಮಾಡಿದ್ದೀರಿ. ಪುಶ್ ಬಟನ್ ಬಂದದ್ದು 1965ರ ಏಪ್ರಿಲ್‌ನಲ್ಲಿ! ನಿಮ್ಮ ಫೆಬ್ರವರಿ ಲೆಕ್ಕವನ್ನೇ ಒಪ್ಪಿದರೂ ಅದು ನಿಮ್ಮ ಕಾರಿಗೆ ಸೇರಿದ್ದಲ್ಲ. ಇವತ್ತೇ ಕ್ಯಾನ್ಸಲ್ ಮಾಡಿ. ರೋಡ್‌ಸ್ಟರ್‌ಗೂ ಜಿಟಿಗೂ (ಛಾವಣಿ ಇರುವ ಎಂಜಿಬಿ) ಎಲ್ಲ ಒಂದೇ ದಿನ ಬದಲಾಯಿತು ಅಂತಲೂ ಅಂದುಕೊಳ್ಳಬೇಡಿ. 1965ರಲ್ಲಿ ಜಿಟಿ ಬಂದಾಗಲೇ ಅದಕ್ಕೆ ಹಿಂದೆ ಹೊಸ ಬಗೆಯ ಸಾಲಿಸ್‌ಬರಿ ಆಕ್ಸಲ್. ರೋಡ್‌ಸ್ಟರ್‌ಗೆ ಅದು ಸಿಕ್ಕಿದ್ದು 1967ರಲ್ಲಿ. ಆಸ್ಟ್ರೇಲಿಯಾದಲ್ಲಿ ಜೋಡಿಸಿದ ಕಾರುಗಳ ಕಥೆಯೇ ಬೇರೆ, ಅವುಗಳ ಚಾಸಿಸ್ ನಂಬರ್ ವೈ ಅಕ್ಷರದಿಂದ ಶುರುವಾಗುತ್ತದೆ.

ಕಮೆಂಟಿನಲ್ಲಿ ಇಬ್ಬರು ಡೈನಮೋ ಬದಲು ಆಲ್ಟರ್ನೇಟರ್ ಹಾಕಿಸಿ, ವೆಬರ್ ಕಾರ್ಬ್ಯುರೇಟರ್ ಹಾಕಿಸಿ ಅಂದಿದ್ದಾರೆ. ನೀವು ಕೇಳಿದ್ದು ಒರಿಜಿನಲ್ ಹೇಗಿತ್ತು ಅಂತ, ಅವರು ಹೇಳುತ್ತಿರುವುದು ಅದನ್ನು ಕಳೆದುಕೊಳ್ಳುವ ದಾರಿ. ಆಲ್ಟರ್ನೇಟರ್, ನೆಗೆಟಿವ್ ಅರ್ತ್ ಎರಡೂ ಬಂದದ್ದು 1967ರ ಕೊನೆಯಲ್ಲಿ, ಮಾರ್ಕ್ ಟೂ ಮಾಡೆಲ್ ಜೊತೆಗೆ. ನಿಮ್ಮದು ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ), ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ. ಜಂಪ್ ಲೀಡ್ ಹಾಕುವಾಗ ಇದು ನೆನಪಿರಲಿ. ಕಾರಿನ ಜೊತೆಗೇ ಬಂದ ಜೋಡಿ ಎಸ್‌ಯು ಕಾರ್ಬ್ಯುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಈ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಅದರ ಫ್ಲೋಟ್ ಚೇಂಬರ್ ಮುಚ್ಚಳದ ಸ್ಕ್ರೂ ಕೆಳಗೆ ಎಯುಡಿ ನಂಬರಿನ (ಯಾವ ಕಾರ್ಬ್ಯುರೇಟರ್ ಅಂತ ಗುರುತಿಸುವ ನಂಬರ್) ಪುಟ್ಟ ತಗಡು ಇದ್ದರೆ ಜೋಪಾನ, ಸರ್ವೀಸ್ ಮಾಡುವಾಗ ಬಹಳ ಜನ ಅದನ್ನೇ ಕಳೆಯುತ್ತಾರೆ. ಹಳೇ ಲೂಕಾಸ್ ಡಿಸ್ಟ್ರಿಬ್ಯೂಟರಿನ ಶಾಫ್ಟ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಬುಷ್ ಹಾಕಿಸಿ ಅದನ್ನೇ ಇಟ್ಟುಕೊಳ್ಳಿ. ಹೊಸ ನಕಲು ತಂದರೆ ಮುದ್ರೆ ಹೋಯಿತು, ಗುಣಮಟ್ಟವೂ ಹೋಯಿತು.

ಬಣ್ಣಕ್ಕೆ ಡ್ಯಾಶ್ ಹಿಂದೆ, ಗೇರ್‌ಬಾಕ್ಸ್ ಟನೆಲ್ ಕಾರ್ಪೆಟ್ ಕೆಳಗೆ ನೋಡಿ. ನನ್ನ ಕಾರು ಹೊರಗೆ ಟಾರ್ಟನ್ ರೆಡ್, ಡ್ಯಾಶ್ ಹಿಂದೆ ಐರಿಸ್ ಬ್ಲೂ ಇತ್ತು. ಸರ್ಟಿಫಿಕೇಟೂ ಐರಿಸ್ ಬ್ಲೂ ಅಂದೇ ಹೇಳಿತು.

ಇವತ್ತು ಸಂಜೆ ರೆವ್ ಕೌಂಟರ್ ಹಿಂದೆ ಕೈ ಹಾಕಿ ನೋಡಿ, ಕೇಬಲ್ ಇದೆಯೋ ವೈರ್ ಇದೆಯೋ ಅಂತ. ಅದನ್ನೂ ಡೈನಮೋ ಮುದ್ರೆಯ ಫೋಟೋವನ್ನೂ ಇಲ್ಲೇ ಹಾಕಿ. ಕೊಂಡಿರುವ 18ಜಿಬಿಯನ್ನು ಸದ್ಯಕ್ಕೆ ಗ್ಯಾರೇಜಿನ ಮೂಲೆಯಲ್ಲಿಡಿ, ಪ್ಲಗ್ ತೂತುಗಳಲ್ಲಿ ಸ್ವಲ್ಪ ಎಣ್ಣೆ ಬಿಟ್ಟು.