ಸಂಪಾದಕರ ಉತ್ತರ: ಮಕ್ಕಳು ಮಕ್ಕಳನ್ನೇ ಕೇಳಲಿ ಬಿಡಿ, ಮೇಷ್ಟ್ರೇ

ಪಾಂಡವಪುರದ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮೊಮ್ಮಗಳು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಅಲ್ಲಿ ಹತ್ತನೇ ತರಗತಿಯವರು ಎಂಟನೇ ತರಗತಿಯ ಮಕ್ಕಳನ್ನು ಐದಾರು ಜನರ ಗುಂಪು ಮಾಡಿ ಕೂರಿಸಿಕೊಂಡು, ಶಾಲೆಯಲ್ಲಿ ಏನು ಕಷ್ಟ, ಏನು ಇಷ್ಟ, ಏನು ಬದಲಾಗಬೇಕು ಎಂದು ಮಾತಾಡಿಸಿದರಂತೆ. ಶಿಕ್ಷಕರು ಯಾರೂ ಒಳಗಿರಲಿಲ್ಲ. ಹೇಳಿದ್ದನ್ನು ಹೆಸರಿಲ್ಲದೆ ಬರೆದುಕೊಂಡು, ಆಮೇಲೆ ಸ್ಟಾಫ್ ರೂಮಿನಲ್ಲಿ ಓದಿದರಂತೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಡೌಟ್ ಕೇಳಿದ್ರೆ, ಪಾಠ ಮಾಡುವಾಗ ಗಮನ ಎಲ್ಲಿತ್ತು ಅಂತಾರೆ. ಅದಕ್ಕೇ ಕೇಳಲ್ಲ.’ ಗಣಿತದ ಶಿಕ್ಷಕರು ತುಂಬಾ ನೊಂದುಕೊಂಡರಂತೆ.

ಓದುಗರು ಕೇಳುತ್ತಾರೆ: ‘ಗುರುಗಳಿಗೆ ಶಿಷ್ಯರು ಮಾರ್ಕ್ಸ್ ಹಾಕುವ ಕಾಲ ಬಂತೇ? ಹದಿಮೂರು ವರ್ಷದವರಿಗೆ ಶಾಲೆ ನಡೆಸುವ ಬಗ್ಗೆ ಏನು ಗೊತ್ತು? ಮೊಮ್ಮಗಳನ್ನು ಬೇರೆ ಶಾಲೆಗೆ ಸೇರಿಸೋಣ ಅಂತಿದ್ದೇನೆ. ತಾವೇನಂತೀರಿ?’

ಮೇಷ್ಟ್ರೇ, ದಯವಿಟ್ಟು ಆ ಕೆಲಸ ಮಾಡಬೇಡಿ. ಅಂಥ ಶಾಲೆ ಸಿಕ್ಕಿದ್ದು ಆ ಮಗುವಿನ ಪುಣ್ಯ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಇವತ್ತು ಶಿಕ್ಷಕರ ಮೇಲೆ ಹೊರೆ ಜಾಸ್ತಿ. ಸಮೀಕ್ಷೆ, ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ, ಇವೆಲ್ಲ ಮುಗಿದ ಮೇಲೆ ಪಾಠ. ಅದರ ಮೇಲೆ ಮಕ್ಕಳಿಂದಲೂ ಮಾತು ಕೇಳಬೇಕೆಂದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಆ ಸಾಲನ್ನು ಇನ್ನೊಂದು ಸಲ ಓದಿ. ಅದರಲ್ಲಿ ಬೈಗುಳ ಎಲ್ಲಿದೆ? ಡೌಟ್ ಕೇಳಬೇಕು ಅಂತ ಆಸೆ ಇರುವ ಮಗುವಿನ ಮಾತು ಅದು. ಗಣಿತ ಬೇಡವಾದ ಮಗುವಿಗೆ ಡೌಟೇ ಬರುವುದಿಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮಳವಳ್ಳಿ ಕಡೆಯ ಶಿಕ್ಷಕಿಯೊಬ್ಬರು ನಮ್ಮ ಕಚೇರಿಗೆ ಬಂದಿದ್ದಾಗ ಇಂಥದ್ದೇ ಹಾಳೆಗಳನ್ನು ತೋರಿಸಿದ್ದರು. ನೋಟ್‌ಬುಕ್ಕಿನಿಂದ ಕಿತ್ತ ಹಾಳೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಆ ಶಾಲೆಯಲ್ಲಿ ಎರಡು ಹಳ್ಳಿಯ ಮಕ್ಕಳು ಗಣಿತದಲ್ಲಿ ವೀಕ್ ಎಂದೇ ಹೆಸರಾಗಿದ್ದರು. ಹತ್ತಕ್ಕೆ ಬಂದಾಗ ಪಾಸಾಗುವಷ್ಟೇ ಪಾಠದ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು ಹೇಗೋ ದಾಟಿಸಿದರೆ ಸಾಕು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಬೆಳಿಗ್ಗೆ ಲೇಟಾಗಿ ಬರುತ್ತಿದ್ದವರೂ ಅವರೇ. ಯಾಕೋ ಅಂದರೆ ‘ಎದ್ದಿದ್ದು ಲೇಟಾಯ್ತು ಸಾರ್’, ಇದೊಂದೇ ಉತ್ತರ.

ಹತ್ತನೇ ತರಗತಿಯ ಹುಡುಗಿ ಕೇಳಿದಾಗ ಬೇರೆ ಉತ್ತರ ಬಂತು. ಬೆಳಗಿನ ಮೊದಲ ಬಸ್ಸು ತುಂಬಿಕೊಂಡು ಬರುತ್ತದೆ, ಅವರ ಸ್ಟಾಪಿನಲ್ಲಿ ನಿಲ್ಲುವುದೇ ಇಲ್ಲ. ಮುಂದಿನ ಬಸ್ಸಿಗೆ ಬಂದರೆ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡು ಅರ್ಧ ಆಗಿರುತ್ತದೆ. ಲೇಟಾದವರು ಬಾಗಿಲ ಹೊರಗೆ ನಿಲ್ಲಬೇಕು. ಆ ಮೊದಲ ಪೀರಿಯಡ್ಡು ವಾರದಲ್ಲಿ ಐದು ದಿನ ಗಣಿತ! ಸಾರ್‌ಗೆ ಯಾಕೆ ಹೇಳಲಿಲ್ಲ ಅಂದರೆ, ‘ಬಸ್ಸು ಅಂದ್ರೆ ನೆಪ ಹೇಳ್ತೀಯಾ ಅಂತ ಇನ್ನೂ ಜಾಸ್ತಿ ಬೈತಾರೆ ಅಕ್ಕ.’ ಈ ಮಾತನ್ನು ಆ ಹುಡುಗಿ ಹಾಗೆಹಾಗೇ ಬರೆದುಕೊಂಡಿದ್ದಳು.

ಮುಂದಿನ ವಾರದಿಂದ ಗಣಿತ ಮೂರನೇ ಪೀರಿಯಡ್ಡಿಗೆ ಹೋಯಿತು. ಒಂದು ಪೈಸೆ ಖರ್ಚಾಗಲಿಲ್ಲ. ತನಿಖೆಗೆ ಬಂದ ಯಾವ ಅಧಿಕಾರಿಗೂ, ಎಸ್‌ಡಿಎಂಸಿ, ಅಂದರೆ ಶಾಲಾ ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಸಹಿ ಹಾಕಿದ ಯಾವ ಸದಸ್ಯರಿಗೂ ಅಷ್ಟು ವರ್ಷ ಇದು ಕಂಡಿರಲಿಲ್ಲ. ಬಸ್ಸಿನ ಸಮಸ್ಯೆ ಮಾತ್ರ ಹಾಗೇ ಇದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ತುಂಬಾ ಒಳ್ಳೆಯದು. ಆದರೆ ಬಸ್ಸು ನಿಲ್ಲಬೇಕಲ್ವಾ? ನಮ್ಮ ಜಿಲ್ಲೆಗಳಲ್ಲಿ ಶಾಲೆ ಅಂದರೆ ಕಟ್ಟಡ ಮತ್ತು ಫಲಿತಾಂಶ ಎಂದುಕೊಂಡವರೇ ಹೆಚ್ಚು. ಆ ಕಟ್ಟಡಕ್ಕೆ ಮಗು ಹೇಗೆ ಬಂದು ಸೇರುತ್ತದೆ ಎಂದು ಕೇಳುವವರೇ ಇಲ್ಲ.

ದೊಡ್ಡವರು ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಡುತ್ತಾರೆ. ಅದನ್ನು ಸುಳ್ಳು ಅನ್ನಬೇಡಿ, ಅದು ಅವರು ಕಲಿತ ಜಾಣತನ. ತಮಗಿಂತ ಎರಡು ವರ್ಷ ದೊಡ್ಡ ಅಕ್ಕನೋ ಅಣ್ಣನೋ ಕೇಳಿದರೆ ಆ ಜಾಣತನದ ಅಗತ್ಯ ಬೀಳುವುದಿಲ್ಲ. ಆ ಅಕ್ಕನೂ ಅದೇ ಬಸ್ಸಿಗೆ ಕಾದವಳು, ಅದೇ ಬಾಗಿಲ ಹೊರಗೆ ನಿಂತವಳು.

ಇದು ಹೊರಗಿನಿಂದ ಬಂದ ಶೋಕಿ ಎಂದು ಬರೆದಿದ್ದೀರಿ. ಅಲ್ಲ ಮೇಷ್ಟ್ರೇ. 1995ರಲ್ಲಿ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ನಲಿ-ಕಲಿ ಶುರುವಾದದ್ದು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕಲಿಕೆಯ ಕಾರ್ಡು ಬರೆದು ಕಟ್ಟಿದ ಪದ್ಧತಿ ಅದು. ಅಲ್ಲಿ ಟೀಚರ್ ನೆರವಿನ ಗುಂಪು ಇರುವ ಹಾಗೆ ಗೆಳೆಯರ ನೆರವಿನ ಗುಂಪೂ ಇದೆ. ಆರು ವರ್ಷದ ಮಗು ಪಕ್ಕದ ಮಗುವಿಗೆ ಅಕ್ಷರ ಹೇಳಿಕೊಡಬಹುದು ಎಂದು ನಾವು ನಂಬಿದೆವು, ರಾಜ್ಯವೆಲ್ಲ ನಂಬಿತು. ಹದಿನೈದು ವರ್ಷದ ಹುಡುಗಿ ಪಕ್ಕದವಳ ಕಷ್ಟ ಕೇಳಿ ಬರೆದುಕೊಳ್ಳಬಲ್ಲಳು ಎಂದು ನಂಬಲು ಯಾಕೆ ಇಷ್ಟು ಹಿಂಜರಿಕೆ?

ಕಾನೂನೂ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿ. ಮಗು ಭಯವಿಲ್ಲದೆ ಇರಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎಂದಿದೆ. ನಿಮ್ಮ ಮೊಮ್ಮಗಳು ಎಂಟನೇ ತರಗತಿ, ಆ ಕಾಯ್ದೆಯ ಒಳಗೇ ಬರುತ್ತಾಳೆ.

ಇನ್ನು ಹದಿಮೂರು ವರ್ಷದವರಿಗೆ ಏನು ಗೊತ್ತು ಎಂಬ ಪ್ರಶ್ನೆ. ಇಟಲಿಯ ಫ್ಲಾರೆನ್ಸ್ ಹತ್ತಿರ ಬಾರ್ಬಿಯಾನ ಎಂಬ ಗುಡ್ಡದ ಊರಿದೆ. ಅಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಬಡ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಅಲ್ಲಿನ ಎಂಟು ಹುಡುಗರು ಸೇರಿ, ಮಕ್ಕಳನ್ನು ಫೇಲ್ ಮಾಡುವ ಒಬ್ಬ ಶಿಕ್ಷಕಿಗೆ ಉದ್ದನೆಯ ಪತ್ರ ಬರೆದರು. ಒಬ್ಬೊಬ್ಬರೂ ಚೀಟಿಯಲ್ಲಿ ಬರೆದು ತಂದದ್ದನ್ನು ಕೂಡಿಸಿ, ಒಟ್ಟಿಗೆ ಕೂತು ತಿದ್ದಿ ಬರೆದದ್ದು. 1967ರಲ್ಲಿ ಅದು ಪುಸ್ತಕವಾಯಿತು. ಸುಮ್ನೆ ಅಳಲು ತೋಡಿಕೊಳ್ಳಲಿಲ್ಲ ಅವರು. ಶಾಲೆಯಿಂದ ಹೊರಬೀಳುವವರು ಯಾರ ಮಕ್ಕಳು ಎಂದು ಅಂಕಿಅಂಶ ಹಾಕಿ ತೋರಿಸಿದರು. ರೈತರು, ಕೂಲಿಗಳ ಮಕ್ಕಳೇ ಹೆಚ್ಚು. ಫೇಲಾದವರು ಎಂದು ಕೈಬಿಟ್ಟ ಹುಡುಗರು ಮಾಡಿದ ಲೆಕ್ಕ ಇದು.

ಹಾಗಂತ ಸುಮ್ನೆ ಮಕ್ಕಳನ್ನು ಗುಂಪು ಕೂರಿಸಿದರೆ ಆಗುವುದಿಲ್ಲ. ಕೇಳುವವರನ್ನು ಮೊದಲು ತಯಾರು ಮಾಡಬೇಕು. ಒಬ್ಬರು ಕೇಳಬೇಕು, ಇನ್ನೊಬ್ಬರು ಬರೆಯಬೇಕು, ಮಧ್ಯೆ ಬಾಯಿ ಹಾಕಬಾರದು. ‘ಯಾವ ಸಾರ್ ಕೆಟ್ಟವರು’ ಎಂದು ಕೇಳಬಾರದು, ‘ಯಾವಾಗ ಕಷ್ಟ ಆಗುತ್ತೆ’ ಎಂದು ಕೇಳಬೇಕು. ಕ್ಲಾಸಿಗೆ ಫಸ್ಟ್ ಬರುವವರನ್ನೇ ಲೀಡರ್ ಮಾಡಿದರೆ ಕೊನೆಯ ಬೆಂಚು ಬಾಯಿ ಬಿಡುವುದಿಲ್ಲ. ಹೊಡೆತದ ಮಾತೋ, ಮೈಮುಟ್ಟುವ ಮಾತೋ ಬಂದರೆ ಅದು ಹಾಳೆಯಲ್ಲಿ ಉಳಿಯುವಂಥದ್ದಲ್ಲ. ಅದೇ ದಿನ ನಂಬುವಂಥ ದೊಡ್ಡವರಿಗೆ ತಿಳಿಸಬೇಕು, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಇದನ್ನು ಕೇಳುವ ಮಕ್ಕಳಿಗೂ ಹೇಳುವ ಮಕ್ಕಳಿಗೂ ಮೊದಲೇ ಹೇಳಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಶಿಕ್ಷಕರು ಉತ್ತರ ಕೊಡಬೇಕು. ಆಗುವುದನ್ನು ಆಗುತ್ತದೆ ಅನ್ನಬೇಕು. ಆಗದ್ದು ಯಾಕೆ ಆಗುವುದಿಲ್ಲ ಎಂದು ಬಿಡಿಸಿ ಹೇಳಬೇಕು. ಉತ್ತರ ಬರದಿದ್ದರೆ ಮುಂದಿನ ವರ್ಷ ಮಕ್ಕಳು ‘ಎಲ್ಲಾ ಚೆನ್ನಾಗಿದೆ’ ಎಂದು ಬರೆದುಕೊಡುತ್ತಾರೆ.

ನಮ್ಮಲ್ಲಿ ಆಗಿರುವುದೇ ಅದು. ಶಾಲಾ ಸಂಸತ್ತು ಇದೆ. ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಪ್ರಮಾಣವಚನ, ಫೋಟೋ. ಆ ಆಹಾರ ಮಂತ್ರಿಗೆ ಸಾರಿನಲ್ಲಿ ಉಪ್ಪು ಜಾಸ್ತಿ ಎಂದು ಹೇಳುವ ಧೈರ್ಯವನ್ನು ಎಷ್ಟು ಶಾಲೆಗಳು ಕೊಟ್ಟಿವೆ? ಮಕ್ಕಳ ಗ್ರಾಮಸಭೆ ಇದೆ. ಎಷ್ಟೋ ಕಡೆ ಬ್ಯಾನರ್ ಕಟ್ಟಿ, ಭಾಷಣ ಮುಗಿಸಿ, ಬಿಸ್ಕತ್ತು ಹಂಚಿ ಕಳಿಸುತ್ತಾರೆ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ, ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೂರಿಸುವುದು ಎಂದರು. ನಮ್ಮ ಬಹುಪಾಲು ಸಂಸತ್ತುಗಳು ಅಲ್ಲೇ ನಿಂತಿವೆ.

ಮೈಸೂರಿನವರಾದ ನಮಗೆ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಇದೇ ಊರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ದಿವಾನರು ಆಡಳಿತದ ವರದಿ ಒಪ್ಪಿಸುತ್ತಿದ್ದರು, ತಾಲ್ಲೂಕುಗಳಿಂದ ಬಂದವರು ತಮ್ಮ ಕಡೆಯ ಕುಂದುಕೊರತೆ ಹೇಳುತ್ತಿದ್ದರು. ಅದರಿಂದ ಅರಸೊತ್ತಿಗೆಯ ಗೌರವ ಕಡಿಮೆಯಾಯಿತೇ? ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಊರಿನಲ್ಲಿ ಈಗ ಫಲಿತಾಂಶ ಬಂದ ಮಾರನೇ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. 625ಕ್ಕೆ ಇಷ್ಟು ತೆಗೆದ ಮಕ್ಕಳ ಮುಖ ಸಾಲಾಗಿ ಇರುತ್ತದೆ. ಆ ಮಕ್ಕಳನ್ನೂ ಯಾರೂ ಏನೂ ಕೇಳಿರುವುದಿಲ್ಲ. ನಿದ್ದೆ ಮಾಡಿದೆಯಾ, ಊಟ ಮಾಡಿದೆಯಾ, ಈ ವರ್ಷ ಒಂದು ದಿನವಾದರೂ ಆಟ ಆಡಿದೆಯಾ ಎಂದು ಕೇಳಬೇಕಾದವರು ಮುಖಕ್ಕೆ ಹಾರ ಹಾಕಿ ಹೋಗುತ್ತಾರೆ. ನೂರಕ್ಕೆ ನೂರು ಫಲಿತಾಂಶ ಬರಲಿ ಎಂದು ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸಿದ ಮಕ್ಕಳ ಸುದ್ದಿಯಂತೂ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೆ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಮಾತಿದೆ. ಮೊಮ್ಮಗಳು ಈಚೆಗೆ ಮನೆಯಲ್ಲಿ ಶಾಲೆಯ ವಿಷಯ ಜಾಸ್ತಿ ಮಾತಾಡುತ್ತಾಳೆ, ಬಾಯಿ ಜಾಸ್ತಿಯಾಗಿದೆ ಎಂದಿದ್ದೀರಿ. ಮೇಷ್ಟ್ರೇ, ಹದಿಮೂರರ ಮಗು ತಾತನ ಹತ್ತಿರ ಶಾಲೆಯ ಸುದ್ದಿ ಹೇಳುತ್ತಿದೆ. ಎಷ್ಟು ಮನೆಗಳಲ್ಲಿ ಈ ಭಾಗ್ಯ ಇದೆ, ನೀವೇ ಯೋಚಿಸಿ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಆ ಗಣಿತದ ಶಿಕ್ಷಕರನ್ನು ಒಂದು ಸಂಜೆ ಮನೆಗೆ ಕರೆದು ಕಾಫಿ ಕೊಡಿ. ಹಿರಿಯ ಹೆಡ್‌ಮಾಸ್ಟರ್ ಒಬ್ಬರು ಕೂತು ಮಾತಾಡಿದರೆ ಅವರ ನೋವು ಇಳಿಯುತ್ತದೆ. ಡೌಟ್ ಕೇಳಿದ ಮಗುವಿಗೆ ನೀವು ಕ್ಲಾಸಿನಲ್ಲಿ ಹೇಗೆ ಉತ್ತರ ಕೊಡುತ್ತಿದ್ದಿರಿ ಎಂದು ಹೇಳಿ. ಮಕ್ಕಳ ಹಾಳೆಗೆ ಅವರು ಕೊಡುವ ಉತ್ತರವನ್ನು ಬರೆದು ಕಳಿಸಲು ಒಪ್ಪಿದರೆ, ಹೆಸರಿಲ್ಲದೆ ಪೂರ್ತಿ ಪ್ರಕಟಿಸುತ್ತೇವೆ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆಂದೇ ಇಟ್ಟಿರುತ್ತೇನೆ.